ಸೆಕೆಂಡ್ ಹ್ಯಾಂಡ್ ಹಾರ್ವೆಸ್ಟರ್: ಹಲ್ಲಿನ ರೋಟರೋ, ರಾಸ್ಪ್ ಬಾರ್ ಡ್ರಮ್ಮೋ, ಎರಡೂ ಸೇರಿರೋದೋ?

ಪ್ರಶ್ನೆ: ಸರ್, ನಮ್ಮದು ಮಲೇಬೆನ್ನೂರು ಹತ್ರ ಹಳ್ಳಿ, ಸ್ವಂತ 7 ಎಕರೆ ಭತ್ತ ಇದೆ. ನಾನು ನಮ್ಮ ಭಾವ ಸೇರಿ ಒಂದು ಹಳೇ ಹಾರ್ವೆಸ್ಟರ್ ತಗೊಂಡು ಬಾಡಿಗೆಗೂ ಹೊಡೆಯೋಣ ಅಂತಿದೀವಿ. ಮೂರು ಗಾಡಿ ನೋಡಿದೀವಿ, ಒಂದು ಕುಬೋಟಾ ಡಿಸಿ-68ಜಿ, ಒಂದು ಕ್ಲಾಸ್ ಕ್ರಾಪ್ ಟೈಗರ್ ಚೈನ್ ಗಾಡಿ, ಇನ್ನೊಂದು ಪಂಜಾಬಿನ 14 ಅಡಿ ಟೈರ್ ಗಾಡಿ. ಭತ್ತ ಮುಗಿದ ಮೇಲೆ ಗದಗ ಕಡೆ ಕಡಲೆಗೂ ಹೋಗೋ ಪ್ಲಾನ್ ಇದೆ. ಒಬ್ಬೊಬ್ರು ಒಂದೊಂದು ರೋಟರ್ ಒಳ್ಳೇದು ಅಂತಾರೆ, ಯೂಟ್ಯೂಬಲ್ಲಿ ನೋಡಿದ್ರೆ ಸಿಂಗಲ್ ರೋಟರ್, ಟ್ವಿನ್ ರೋಟರ್ ಅಂತ ಬೇರೆ ಹೇಳ್ತಾರೆ, ತಲೆ ಕೆಟ್ಟು ಹೋಗಿದೆ. ಯಾವುದು ತಗೊಳ್ಳೋದು?

ಉತ್ತರ: ನೀವು ಹೇಳಿರೋ ಮೂರೂ ತರದ ಗಾಡಿಗಳ ಹೊಟ್ಟೆ ಬಿಚ್ಚಿ ನೋಡಿದವನು ನಾನು, ಸುತ್ತಿ ಬಳಸಿ ಹೇಳಲ್ಲ. ಭದ್ರಾ ನೀರಿನ ಗದ್ದೆ, ಅದರಲ್ಲೂ ಕೊಯ್ಲಿಗೆ ಬಂದಾಗಲೂ ಕಾಲು ಹೂತುಹೋಗೋ ನಿಮ್ಮ ಕಡೆ ಗದ್ದೆಗೆ ಹಲ್ಲಿನ ರೋಟರ್ (ರೋಟರ್ ಅಂದ್ರೆ ತಿರುಗ್ತಾ ತೆನೆಯಿಂದ ಕಾಳು ಬಿಡಿಸೋ ಡ್ರಮ್) ಇರೋ ಚೈನ್ ಗಾಡಿನೇ ಸರಿ, ಅಂದ್ರೆ ಟೈರ್ ಬದಲು ಪಟ್ಟಿ ಮೇಲೆ ಓಡೋ ಗಾಡಿ, ನಿಮ್ಮ ಮೂರರಲ್ಲಿ ಕುಬೋಟಾ. ಆದ್ರೆ ನೀವು ನೋಡಿ ಬಂದಿರೋ ಅದೇ ಗಾಡಿ ತಗೊಳ್ರಿ ಅಂತ ನಾನು ಹೇಳ್ತಿಲ್ಲ, ಯಾಕಂದ್ರೆ ಹಲ್ಲು ಸವೆದ ಒಳ್ಳೇ ಜಾತಿ ರೋಟರ್‌ಗಿಂತ ಸರಿಯಾಗಿ ಇಟ್ಟುಕೊಂಡಿರೋ ಸಾಧಾರಣ ಡ್ರಮ್ಮು ಸಾವಿರ ಪಾಲು ವಾಸಿ. ನಿಮ್ಮ ಪ್ರಶ್ನೇಲಿ ರೋಟರ್ ಯಾವ ತರದ್ದು ಅಂತ ಇದೆ, ಎಷ್ಟು ಸವೆದಿದೆ ಅಂತ ಎಲ್ಲೂ ಇಲ್ಲ, ಅದಕ್ಕೇ ಹೇಳಿದ್ದು.

ಯೂಟ್ಯೂಬ್ ಗೊಂದಲ ಮೊದಲು ಬಗೆಹರಿಸಿಬಿಡೋಣ. ಆ ಸಿಂಗಲ್, ಟ್ವಿನ್ ಜಗಳ ಅಮೆರಿಕದ್ದು. ಅಲ್ಲಿ ನ್ಯೂ ಹಾಲೆಂಡ್‌ನವರು 1975ರಲ್ಲಿ ಟಿಆರ್70 ಅಂತ ಅಕ್ಕಪಕ್ಕ ಎರಡು ರೋಟರ್ ಇರೋ ಗಾಡಿ ಬಿಟ್ರು, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನವರು 1977ರಲ್ಲಿ ಒಂದೇ ದಪ್ಪ ರೋಟರ್ ಉದ್ದಕ್ಕೆ ಮಲಗಿಸಿ ಆಕ್ಸಿಯಲ್ ಫ್ಲೋ (ಬೆಳೆ ರೋಟರ್ ಉದ್ದಕ್ಕೂ ಸಾಗೋ ಪದ್ಧತಿ) ಅಂತ ಬಿಟ್ರು, ಅಲ್ಲಿಂದ ಇವತ್ತಿನವರೆಗೂ ಅಲ್ಲಿನ ರೈತರು ಯಾವುದು ಮೇಲು ಅಂತ ಕಿತ್ತಾಡ್ತಾನೇ ಇದಾರೆ. ಅವರು ಹೊಡೆಯೋದು ಒಣಗಿ ಗರಿಗರಿ ಆದ ಮೆಕ್ಕೆಜೋಳ, ಸೋಯಾ, ಗೋಧಿ, ನೂರಾರು ಎಕರೆ ಒಂದೇ ತುಂಡು. ನಿಮ್ಮ ಗದ್ದೆಗೆ ಆ ಗಾಡಿ ಬದುವಿನಿಂದ ಒಳಗೇ ಇಳಿಯಲ್ಲ. ನಮ್ಮ ಕಡೆ ಚೈನ್ ಗಾಡಿ ಒಳಗಿರೋ ಹಲ್ಲಿನ ರೋಟರ್ ಏಷ್ಯಾದ ಭತ್ತದ ಸಂತಾನ, ಫಿಲಿಪೈನ್ಸ್‌ನ ಇರ್ರಿ ಅಂತ ಭತ್ತದ ಸಂಶೋಧನಾ ಸಂಸ್ಥೆ ಇದೆಯಲ್ಲ, ಅವರು 1970ರ ದಶಕದಲ್ಲಿ ಒಕ್ಕೋ ಮಷಿನ್‌ಗೆ ಇದೇ ತರ ಹಲ್ಲಿನ ಡ್ರಮ್ ಹಾಕಿ ಒದ್ದೆ ಭತ್ತ ಒಕ್ಕಿ ತೋರಿಸಿದ್ರು. ಎರಡಕ್ಕೂ ಆಕ್ಸಿಯಲ್ ಫ್ಲೋ ಅಂತಾನೇ ಹೆಸರು, ಅದಕ್ಕೇ ಜನ ಕಲಸಿಕೊಳ್ತಾರೆ. ನಿಮಗೆ ಬೇಕಾಗಿರೋದು ಮೂರೇ ತರದ ವಿಷಯ.

ಟೈರ್ ಗಾಡಿಯಿಂದ ಶುರು ಮಾಡ್ತೀನಿ, ಅದು ಎಲ್ಲಕ್ಕಿಂತ ಹಳೇ ಪದ್ಧತಿ. ಡ್ರಮ್ ಅಡ್ಡಕ್ಕೆ ಮಲಗಿರುತ್ತೆ, ಮೈಮೇಲೆ ಓರೆ ಗೀರು ಇರೋ 8 ಕಬ್ಬಿಣದ ಪಟ್ಟಿ, ಅವೇ ರಾಸ್ಪ್ ಬಾರ್. ಕೆಳಗೆ ಕಾನ್ಕೇವ್, ಅಂದ್ರೆ ಡ್ರಮ್ಮಿಗೆ ಹೊಂದೋ ಹಾಗೆ ಬಾಗಿರೋ ಜಾಲರಿ. ತೆನೆ ಇವೆರಡರ ನಡುವೆ ಅರೆ ಸುತ್ತೂ ಇರಲ್ಲ, ಉಜ್ಜಿಸಿಕೊಂಡು ಹಿಂದಕ್ಕೆ ಹೋಗಿಬಿಡುತ್ತೆ. ಆಮೇಲೆ ಹುಲ್ಲಿನೊಳಗೆ ಸಿಕ್ಕಿಕೊಂಡಿರೋ ಕಾಳನ್ನ ಉದುರಿಸೋದು ಸ್ಟ್ರಾ ವಾಕರ್, ನಮ್ಮ ಹೆಣ್ಣುಮಕ್ಕಳು ಮೊರದಲ್ಲಿ ಕೇರೋ ಹಾಗೆ ಹುಲ್ಲನ್ನ ಎತ್ತಿ ಎತ್ತಿ ಹಾಕುತ್ತೆ. ಒಣ ಬೆಳೆಗೆ ಇದಕ್ಕಿಂತ ಸುಖ ಇಲ್ಲ, ಡೀಸೆಲ್ ಕಮ್ಮಿ, ಹುಲ್ಲು ಉದ್ದುದ್ದ ಬರುತ್ತೆ, ದನ ಕಟ್ಟಿರೋರು ಇಂಥ ಹುಲ್ಲನ್ನೇ ಕೇಳ್ತಾರೆ. ತೊಂದರೆ ಬರೋದು ಹಸಿ ಹುಲ್ಲಲ್ಲಿ. ವಾಕರ್ ಕೆಲಸ ಮಾಡೋದು ಬರೀ ಭಾರದ ಮೇಲೆ, ಕಾಳು ತಾನಾಗೇ ಕೆಳಗೆ ಬೀಳ್ಬೇಕು, ಹಸಿ ಹುಲ್ಲು ಹಾಸಿಗೆ ತರ ದಪ್ಪ ಆಗಿ ಕೂತ್ರೆ ಕಾಳು ಅದರ ಮೇಲೇ ಸವಾರಿ ಮಾಡ್ಕೊಂಡು ಹೊರಗೆ ಹೋಗುತ್ತೆ. ಡ್ರೈವರ್ ನಿಧಾನ ಹೊಡೆದ್ರೆ ಸರಿ ಹೋಗುತ್ತೆ, ಆದ್ರೆ ಗಂಟೆ ಲೆಕ್ಕದ ಬಾಡಿಗೇಲಿ ಗದ್ದೆ ಯಜಮಾನ ನಿಧಾನ ಹೊಡೆಯೋಕೆ ಬಿಡಲ್ಲ, ಎಕರೆ ಲೆಕ್ಕದಲ್ಲಿ ಡ್ರೈವರ್ರೇ ನಿಧಾನ ಹೊಡೆಯಲ್ಲ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿರಲ್ಲ. ರಾಸ್ಪ್ ಬಾರ್ ಮೂಲತಃ ಗೋಧಿಗೆ ಮಾಡಿದ್ದು, ಪಂಜಾಬಿನವರೇ ಭತ್ತಕ್ಕೆ ಬಂದಾಗ ಡ್ರಮ್ ಬದಲಾಯಿಸಿ ಹಲ್ಲಿನ ಡ್ರಮ್ ಹಾಕ್ಕೋತಾರೆ. ರಾಸ್ಪ್ ಬಾರಲ್ಲೇ ಭತ್ತ ಒಕ್ಕೋಕೆ ಹೋಗಿ ಡ್ರಮ್ಮಿಗೂ ಕಾನ್ಕೇವಿಗೂ ನಡುವಿನ ಗ್ಯಾಪ್ ಟೈಟ್ ಮಾಡಿದ್ರೆ ಸಿಪ್ಪೆ ಸುಲಿದ ಕೆಂಪು ಅಕ್ಕಿ ಟ್ಯಾಂಕಲ್ಲಿ ಕಾಣುತ್ತೆ, ಮಿಲ್ಲಿನವರು ಅದನ್ನ ನೋಡಿದ ಕೂಡಲೇ ರೇಟ್ ಇಳಿಸ್ತಾರೆ. ಹಾಗಾಗಿ ಆ ಟೈರ್ ಗಾಡಿ ಮಾಲೀಕನ್ನ ಕೇಳ್ರಿ, ಈಗ ಯಾವ ಡ್ರಮ್ ಕೂತಿದೆ, ಇನ್ನೊಂದು ಡ್ರಮ್ಮು ಅದರ ಕಾನ್ಕೇವೂ ಜೊತೆಗೆ ಕೊಡ್ತೀಯಾ ಅಂತ. ಎಲ್ಲಾ ಇದೆ ಶೆಡ್ಡಲ್ಲಿ ಅಂತಾನೆ, ಶೆಡ್ ಬಾಗಿಲು ತೆಗೆಸಿ ನೋಡ್ರಿ.

ಎರಡನೇದು ಹಲ್ಲಿನ ರೋಟರ್, ಕುಬೋಟಾದಲ್ಲಿರೋದು. ಡ್ರಮ್ ಗಾಡಿಯ ಉದ್ದಕ್ಕೆ ಮಲಗಿರುತ್ತೆ, ಮೈತುಂಬ ಗೂಟದ ತರ ಹಲ್ಲು, ಬೆಳೆ ಮುಂದೆ ಹೊಕ್ಕು ರೋಟರ್ ಸುತ್ತ ಹಲವಾರು ಸುತ್ತು ಹೊಡೆದು ಹಿಂದೆ ಹೋಗಿ ಬೀಳುತ್ತೆ. ಒಂದೇ ಏಟಿಗೆ ಒಕ್ಕೋದಲ್ಲ, ಸುತ್ತಿ ಸುತ್ತಿ ಒಕ್ಕೋದು, ಕಾಳನ್ನ ಜಾಲರಿಯಿಂದ ಆಚೆ ತಳ್ಳೋದು ತಿರುಗೋ ರಭಸ, ಭಾರ ನಂಬಿಕೊಂಡಿಲ್ಲ. ಅದಕ್ಕೇ ಹುಲ್ಲು ಹಸಿ ಇದ್ರೂ ಕಾಳು ಬಿಡಿಸುತ್ತೆ. ಹುಲ್ಲು ಎಷ್ಟು ಸುತ್ತು ಹೊಡೀಬೇಕು ಅನ್ನೋದನ್ನ ತೀರ್ಮಾನ ಮಾಡೋದು ರೋಟರ್ ಮೇಲಿನ ಮುಚ್ಚಳದ ಒಳಗೆ ಓರೆಯಾಗಿ ಕೂರಿಸಿರೋ ತಗಡಿನ ರೆಕ್ಕೆಗಳು. ಅವನ್ನ ಯಾರೂ ನೋಡಲ್ಲ! ಮುಚ್ಚಳ ಎತ್ತಿದ ಕೂಡಲೇ ಎಲ್ಲರ ಕಣ್ಣೂ ಕೆಳಗಿನ ಹಲ್ಲಿನ ಮೇಲೆ, ಮೇಲಿನ ರೆಕ್ಕೆ ಅರ್ಧ ಸವೆದು ಬ್ಲೇಡ್ ಆಗಿರುತ್ತೆ, ಹುಲ್ಲು ಹಿಂದಕ್ಕೆ ಸಾಗದೆ ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತೆ, ಗಾಡಿ ಎಳೆಯಲ್ಲ, ಪಾಪ ಇಂಜಿನ್ ಹೋಗಿದೆ ಅಂತ ಇಂಜಿನ್ ಬಿಚ್ಚೋರನ್ನ ನೋಡಿದೀನಿ.

ಇದರ ಕೆಟ್ಟ ಗುಣಾನೂ ಹೇಳ್ಬೇಕು. ಹುಲ್ಲನ್ನ ಅಷ್ಟು ಸುತ್ತು ತಿರುಗಿಸೋಕೆ ಶಕ್ತಿ ಬೇಕು, ಹಾಗಾಗಿ ಒಂದೇ ಪ್ರಮಾಣದ ಕಾಳಿಗೆ ವಾಕರ್ ಗಾಡಿಗಿಂತ ಡೀಸೆಲ್ ಜಾಸ್ತಿ ಕುಡಿಯುತ್ತೆ. ಬೆಳೆ ತೀರಾ ಒಣಗಿದ್ರೆ ಹುಲ್ಲು ಪುಡಿ ಆಗಿ ಜರಡಿ ಮೇಲೆ ರಾಶಿ ಬೀಳುತ್ತೆ, ಬ್ಲೋವರ್ ಎಷ್ಟು ಊದಿದ್ರೂ ಟ್ಯಾಂಕಲ್ಲಿ ಕಸ. ತೀರಾ ಹಸಿ ಇದ್ದು ಜೊತೆಗೆ ಕಳೆ ಇದ್ರೆ ಹುಲ್ಲು ಹಗ್ಗ ಹೊಸೆದ ಹಾಗೆ ಹೊಸೆದುಕೊಂಡು ರೋಟರ್‌ಗೆ ಸುತ್ತಿಕೊಳ್ಳುತ್ತೆ, ಕುಡುಗೋಲು ಹಿಡ್ಕೊಂಡು ಒಳಗೆ ಕೈ ಹಾಕಿ ಕೊಯ್ದು ಬಿಡಿಸ್ಬೇಕು. ಬೆಳಗ್ಗೆ ಇಬ್ಬನಿ ಆರೋವರೆಗೂ ಕಾಯದೆ ಗದ್ದೆಗಿಳಿಯೋರಿಗೆ ಇದು ದಿನದ ಪೂಜೆ. ಒಂದು ಮಾತು, ಕೈ ಹಾಕೋ ಮೊದಲು ಇಂಜಿನ್ ಆಫ್ ಮಾಡಿ ಕೀ ನಿಮ್ಮ ಜೇಬಲ್ಲಿರಲಿ, ಕ್ಲಚ್ ಬಿಟ್ಟಿದೀನಿ ಅಂದ ಡ್ರೈವರ್ ಮಾತು ನಂಬಿ ಕೈ ಹಾಕ್ಬೇಡಿ.

ಮೂರನೇದು ಕ್ರಾಪ್ ಟೈಗರ್‌ನ ಟಿಎಎಫ್, ಅಂದ್ರೆ ಟ್ಯಾಂಜೆನ್ಶಿಯಲ್ ಆಕ್ಸಿಯಲ್ ಫ್ಲೋ. ಹೆಸರು ದೊಡ್ಡದು, ವಿಷಯ ಸರಳ, ಮುಂದೆ ಒಂದು ಡ್ರಮ್ ಒಕ್ಕುತ್ತೆ, ಹಿಂದೆ ಇನ್ನೊಂದು ರೋಟರ್ ಹುಲ್ಲಲ್ಲಿ ಉಳಿದ ಕಾಳು ಬಿಡಿಸುತ್ತೆ, ಎರಡು ಕೆಲಸಕ್ಕೆ ಎರಡು ಆಳು. ಕಾಳಿಗೆ ಏಟು ಕಮ್ಮಿ, ಬೇರೆ ಬೇರೆ ಬೆಳೆಗೆ ಹೊಂದಿಸೋದೂ ಸಲೀಸು. ಆದ್ರೆ ಹಳೇ ಗಾಡಿ ವಿಷಯಕ್ಕೆ ಬಂದ್ರೆ ಸವೆಯೋ ಜಾಗ ಎರಡು, ಎರಡು ಜಾಲರಿ, ಎರಡು ಸೆಟ್ ಬೇರಿಂಗು, ಮಧ್ಯೆ ಬೆಲ್ಟು. ಚೆನ್ನಾಗಿ ನೋಡ್ಕೊಂಡ ಮಾಲೀಕನ ಕೈಯಿಂದ ಬಂದಿದ್ರೆ ಮಾತ್ರ ತಗೊಳ್ರಿ, ಮೂರನೇ ನಾಲ್ಕನೇ ಕೈ ಆಗಿದ್ರೆ ಬೇಡ.

ಈಗ ನಿಮ್ಮ ಕಡಲೆ ಪ್ಲಾನ್. ಇಲ್ಲಿ ರೋಟರ್ ತರಕ್ಕಿಂತ ಅದರ ವೇಗ ಮುಖ್ಯ, ಲೆಕ್ಕ ನೀವೇ ಹಾಕ್ಕೋಬಹುದು. ಹಲ್ಲಿನ ತುದಿ ಕಾಳಿಗೆ ಎಷ್ಟು ವೇಗದಲ್ಲಿ ಹೊಡೆಯುತ್ತೆ ಅಂತ ತಿಳಿಯೋಕೆ ಡ್ರಮ್ ಅಡ್ಡಳತೆ ಮೀಟರಲ್ಲಿ ತಗೊಂಡು 3.14ರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ, ಆರ್‌ಪಿಎಂ ಅಂದ್ರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಉದಾಹರಣೆಗೆ 62 ಸೆಂಟಿಮೀಟರ್ ಡ್ರಮ್ಮು 560 ಆರ್‌ಪಿಎಂನಲ್ಲಿ ತಿರುಗಿದ್ರೆ ಸೆಕೆಂಡಿಗೆ ಸುಮಾರು 18 ಮೀಟರ್, ಹಲ್ಲಿನ ಡ್ರಮ್ಮಲ್ಲಿ ಭತ್ತಕ್ಕೆ ಇದು ಸರಿಯಾದ ವೇಗ. ಕಡಲೆಗೆ ಇದು ಕೊಡಲಿ ಏಟು, ಬೇಳೆ ಆಗಿ ಬೀಳುತ್ತೆ. ಕಡಲೆಗೆ 10-12 ಮೀಟರ್ ಸಾಕು, ಅಂದ್ರೆ ಅದೇ ಡ್ರಮ್ 340 ಆರ್‌ಪಿಎಂ ಹತ್ರ ತಿರುಗ್ಬೇಕು. ಇದಕ್ಕೆ ಪುಲ್ಲಿ ಬದಲಿಸ್ಬೇಕು, ಇಂಜಿನ್ ರೇಸ್ ಕಮ್ಮಿ ಮಾಡಿ ಹೊಡಿತೀನಿ ಅಂತ ಹೋದ್ರೆ ಬ್ಲೋವರ್ರೂ ಜರಡಿನೂ ಎಲಿವೇಟರ್ರೂ ಎಲ್ಲಾ ನಿಧಾನ ಆಗಿ ಗಾಡಿ ಕಟ್ಟಿಕೊಳ್ಳುತ್ತೆ, ಈ ತಪ್ಪನ್ನ ಮೊದಲ ವರ್ಷ ಕಡಲೆಗೆ ಹೋದವರೆಲ್ಲಾ ಮಾಡ್ತಾರೆ. ಟೈರ್ ಗಾಡಿಗಳಲ್ಲಿ ಬಹುತೇಕ ಡ್ರಮ್ ವೇಗ ಮಾತ್ರ ಬೇರೆಯಾಗಿ ಏರಿಸಿ ಇಳಿಸೋಕೆ ವೇರಿಯೇಟರ್ ಇರುತ್ತೆ, ಅದೊಂದು ಅನುಕೂಲ, ಆದ್ರೂ ಎಷ್ಟು ಕೆಳಗೆ ಇಳಿಯುತ್ತೆ ಅಂತ ಟ್ಯಾಕೋಮೀಟರ್ (ಸುತ್ತು ಎಣಿಸೋ ಮೀಟರ್) ಹಿಡಿದು ನೋಡ್ರಿ.

ಜೊತೆಗೆ ಕಡಲೆ ಗಿಡವೇ ಗಿಡ್ಡ. ಜೆಜಿ-11 ತರದ ತಳಿ ನೆಲಕ್ಕೆ ಅಂಟಿಕೊಂಡು ಹರಡಿರುತ್ತೆ, ಕೆಳಗಿನ ಕಾಯಿ ಸಿಗಲಿ ಅಂತ ಕಟರ್ ಬಾರ್ (ಮುಂದಿನ ಕೊಯ್ಯೋ ಬ್ಲೇಡು) ಇಳಿಸಿದ್ರೆ ಎರೆ ಹೆಂಟೆ ಒಳಗೆ ಬರುತ್ತೆ, ಕಲ್ಲೂ ಬರುತ್ತೆ, ಅವೆಲ್ಲಾ ನಿಮ್ಮ ರೋಟರ್ ಹಲ್ಲಿಗೇ ಬಡಿಯೋದು. ಎನ್‌ಬಿಇಜಿ-47 ಅಂತ ಮಷಿನ್ ಕೊಯ್ಲಿಗೇ ಅಂತ ಎತ್ತರ ಬೆಳೆಯೋ ತಳಿ ಬಂದಿದೆ, ಅದನ್ನ ಹಾಕಿರೋ ಹೊಲ ಸಿಕ್ರೆ ಆರಾಮ. ನನ್ನ ಕೇಳಿದ್ರೆ ಮೊದಲ ವರ್ಷ ಕಡಲೆ ಆಸೆ ಬಿಡ್ರಿ, ಎರಡು ಭತ್ತದ ಸೀಸನ್ ಹೊಡೆದು ಗಾಡಿ ಕೈಗೆ ಹತ್ತಲಿ.

ಇನ್ನು ಮುಖ್ಯ ವಿಷಯ, ಸವೆತ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುತ್ತೆ, ಮರಳಿನಲ್ಲಿರೋ ಅದೇ ಪದಾರ್ಥ, ಹೊಟ್ಟು ಸುಟ್ರೆ ಉಳಿಯೋ ಬೂದಿಯಲ್ಲಿ ಬಹುಪಾಲು ಅದೇ. ಹಾಗಾಗಿ ಭತ್ತ ಒಕ್ಕೋದು ಅಂದ್ರೆ ರೋಟರ್‌ಗೆ ದಿನವಿಡೀ ಸ್ಯಾಂಡ್ ಪೇಪರ್ ಉಜ್ಜಿದ ಹಾಗೆ. ಗುಂಡು ಹಲ್ಲು ಬೆಳೆಗೆ ಎದುರಾಗೋ ಒಂದೇ ಕಡೆ ಸವೆದು ಒಳಗೆ ಗುಳಿ ಬೀಳುತ್ತೆ, ಗುಳಿ ಬಿದ್ದ ಹಲ್ಲು ಒಕ್ಕಲ್ಲ, ಹುಲ್ಲನ್ನ ಹಿಡಿದು ಎಳೆಯುತ್ತೆ. ಬುದ್ಧಿವಂತ ಮಾಲೀಕ ಸಮಯಕ್ಕೆ ಸರಿಯಾಗಿ ತಿರುವಿ ಹಾಕಿರ್ತಾನೆ. ನೀವು ಟಾರ್ಚ್ ಹಾಕಿ ಎರಡೂ ಕಡೆ ನೋಡ್ರಿ, ಎರಡೂ ಕಡೆ ಸವೆದಿದ್ರೆ ಆ ಸೆಟ್ ಮುಗೀತು, ಹೊಸಾ ಸೆಟ್ ರೇಟನ್ನ ಗಾಡಿ ರೇಟಿಂದ ಕಳೀರಿ. ರೋಟರ್ ಮುಂಭಾಗದಲ್ಲಿ ಬೆಳೆ ಒಳಗೆ ಎಳ್ಕೊಳ್ಳೋಕೆ ಸ್ಕ್ರೂ ತರ ರೆಕ್ಕೆ ಇದ್ರೆ ಅದರ ಅಂಚು ಮುಟ್ಟಿ ನೋಡ್ರಿ, ಚಾಕು ತರ ಆಗಿದ್ರೆ ಒಳಗೆ ಎಳೆಯೋದು ಕಮ್ಮಿ ಆಗಿ ಫೀಡರ್ (ಬೆಳೆಯನ್ನ ರೋಟರ್‌ಗೆ ತಲುಪಿಸೋ ಭಾಗ) ಪದೇ ಪದೇ ಕಟ್ಟಿಕೊಳ್ಳುತ್ತೆ. ಆಮೇಲೆ ಕಾನ್ಕೇವ್. ಅದರ ಸರಳು ಸವೆದಷ್ಟೂ ಕಿಂಡಿ ಅಗಲ ಆಗುತ್ತೆ, ಕಾಳಿನ ಜೊತೆ ತೆನೆ ತುಂಡುಗಳೂ ಕೆಳಗೆ ಇಳಿಯುತ್ತೆ. ಎಡಕ್ಕೆ ಒಂದು ಗ್ಯಾಪ್ ಬಲಕ್ಕೆ ಒಂದು ಗ್ಯಾಪ್ ಇದ್ರೆ ಯಾವತ್ತೋ ಕಲ್ಲು ಹೊಕ್ಕಿ ಕಾನ್ಕೇವ್ ಬೆಂಡ್ ಆಗಿದೆ ಅಂತ ಅರ್ಥ.

ಬಣ್ಣ ಹೊಸದಾಗಿರೋ ರೋಟರ್ ಕಂಡ್ರೆ ನನಗೆ ಅನುಮಾನ ಜಾಸ್ತಿ. ಕಾರಣ ಇದೆ. ವರ್ಷಗಳ ಹಿಂದೆ ನಾನೇ ಒಬ್ಬ ಬ್ರೋಕರ್ ಮಾತು ಕೇಳಿ ಒಂದು ಟೈರ್ ಗಾಡಿ ತಗೊಂಡೆ, ಡ್ರಮ್ ಫುಲ್ ರೆಡಿ ಮಾಡಿಸಿದೀನಿ ಅಂದ, ಮೂರು ರಾಸ್ಪ್ ಬಾರ್ ಹೊಚ್ಚ ಹೊಸವು ಹೊಳೀತಿದ್ವು, ನಾನೂ ಖುಷಿಯಾದೆ. ಮೆಕ್ಯಾನಿಕ್ ಆಗಿ ನನಗೆ ಆಗಲೇ ಹೊಳೀಬೇಕಿತ್ತು, ಬಾರ್‌ಗಳನ್ನ ಯಾವತ್ತೂ ಎದುರುಬದುರು ಜೋಡಿಯಾಗಿ ಬದಲಿಸ್ಬೇಕು, ಮೂರು ಅನ್ನೋ ಲೆಕ್ಕವೇ ತಪ್ಪು. ಹೊಸ ಬಾರ್ ಭಾರ, ಎದುರಿನ ಹಳೇದು ಸವೆದು ಹಗುರ. ಬರೀ 100 ಗ್ರಾಂ ವ್ಯತ್ಯಾಸ 30 ಸೆಂಟಿಮೀಟರ್ ದೂರದಲ್ಲಿ ಇದ್ರೂ 1000 ಆರ್‌ಪಿಎಂನಲ್ಲಿ ಅದು 33 ಕೆಜಿ ಭಾರ ಶಾಫ್ಟನ್ನ ಸುತ್ತಾ ಎಳೆದಾಡಿದಷ್ಟು ಆಗುತ್ತೆ. 40 ದಿನದ ಸೀಸನ್ನಲ್ಲಿ ಮೂರು ಸಲ ಬೇರಿಂಗ್ ಹೋಯ್ತು, ಮೂರನೇ ಸಲ ಶಾಫ್ಟ್ ಕತ್ತೂ ಸವೆದು ಹೋಗಿತ್ತು. ಹರಿಹರದಲ್ಲಿ ಲೇತ್ ಶಾಪ್‌ಗೆ ಡ್ರಮ್ ಒಯ್ದು ಬ್ಯಾಲೆನ್ಸ್ ಮಾಡಿಸೋ ಹೊತ್ತಿಗೆ ಭತ್ತ ಎಲ್ಲಾ ಮುಗಿದು ಜನ ಕಾಲುವೆ ನೀರು ಯಾವಾಗ ಬಿಡ್ತಾರೆ ಅಂತ ಕಾಯ್ತಿದ್ರು.

ಅದಕ್ಕೇ ಹೇಳೋದು, ಬೆಲ್ಟ್ ಕಳಚಿಸಿ ರೋಟರನ್ನ ಕೈಯಲ್ಲಿ ತಿರುಗಿಸ್ರಿ. ಬ್ಯಾಲೆನ್ಸ್ ಇದ್ರೆ ಎಲ್ಲಿ ಬೇಕಾದ್ರೂ ನಿಲ್ಲುತ್ತೆ, ಪ್ರತಿ ಸಲ ಅದೇ ಭಾಗ ಕೆಳಗೆ ಬಂದು ನಿಂತ್ರೆ ಅಲ್ಲಿ ಭಾರ ಜಾಸ್ತಿ. ಹಾರೆ ತಗೊಂಡು ಶಾಫ್ಟ್ ತುದಿ ಮೆಲ್ಲಗೆ ಎತ್ತಿ ನೋಡ್ರಿ, ಟಕ್ ಅಂದ್ರೆ ಬೇರಿಂಗ್ ಸಡಿಲ ಆಗಿದೆ. ತುದಿಗಳಲ್ಲಿ ಹುಲ್ಲು ಸುತ್ತಿಕೊಂಡು ಸುಟ್ಟ ಕಲೆ, ಶಾಫ್ಟ್ ಮೇಲೆ ನೀಲಿ ಬಣ್ಣ ಕಂಡ್ರೆ ಅದು ಯಾವತ್ತೋ ವಿಪರೀತ ಕಾದಿರೋ ಶಾಫ್ಟು. ಹಲ್ಲಿನ ಮೇಲೆ ವೆಲ್ಡಿಂಗ್ ರಾಡ್ ಸುರಿದು ದಪ್ಪ ಮಾಡಿರ್ತಾರೆ, ಅದೂ ಬ್ಯಾಲೆನ್ಸ್ ಕೆಡಿಸೋ ಕೆಲಸವೇ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ ಮೇಲೆ ನಂಬಿಕೆ ಇಡಬೇಡಿ, ಅದನ್ನ ಬದಲಿಸೋಕೆ ಹತ್ತು ನಿಮಿಷ ಸಾಕು, ಪೆಡಲ್ ರಬ್ಬರು, ಚೈನ್ ರೋಲರ್ರು, ಹಲ್ಲು, ಈ ಮೂರೂ ಒಂದೇ ವಯಸ್ಸು ಹೇಳ್ತಿದಾವಾ ನೋಡ್ರಿ.

ಇಷ್ಟೆಲ್ಲಾ ನೋಡಿದ ಮೇಲೂ ಗದ್ದೆಯಲ್ಲಿ ಓಡಿಸದೆ ದುಡ್ಡು ಕೊಡಬೇಡಿ. ಅಂಗಳದಲ್ಲಿ ಖಾಲಿ ಓಡಿಸಿ ತೋರಿಸಿದ್ರೆ ಅದು ಮದುವೆ ಗಂಡಿನ ಫೋಟೋ ನೋಡಿದ ಹಾಗೆ. ಹೀಗೆ ಮಾಡ್ರಿ: ಒಂದು ಹಗುರ ತಾಡಪಾಲು ಇಬ್ಬರು ಹಿಡ್ಕೊಂಡು ಹುಲ್ಲು ಬೀಳೋ ಜಾಗದ ಕೆಳಗೆ, ತಿರುಗೋ ಭಾಗದಿಂದ ದೂರ ಇದ್ದು, ಗಾಡಿ ಹಿಂದೆ 10 ಮೀಟರ್ ನಡೀರಿ, ಜರಡಿಯಿಂದ ಬೀಳೋದೂ ಅದರಲ್ಲೇ ಬೀಳಲಿ. ಚೈನ್ ಗಾಡಿ ಕೊಯ್ಯೋ ಅಗಲ ಸುಮಾರು 2 ಮೀಟರ್, ಅಂದ್ರೆ 20 ಚದರ ಮೀಟರ್ ಬೆಳೆ. ಎಕರೆಗೆ 75 ಕೆಜಿಯ 30 ಚೀಲ ಬರೋ ಗದ್ದೆಯಲ್ಲಿ ಅಷ್ಟು ಜಾಗದಲ್ಲಿ 11 ಕೆಜಿ ಭತ್ತ ಇರುತ್ತೆ. ಹುಲ್ಲು ಕೊಡವಿ ತೆಗೆದು, ಜೊಳ್ಳು ತೂರಿ, ಗಟ್ಟಿ ಕಾಳನ್ನ ಅಂಗಡಿ ತಕ್ಕಡೀಲಿ ತೂಗ್ರಿ, 110 ಗ್ರಾಂ ಬಂದ್ರೆ 1 ಪರ್ಸೆಂಟ್ ನಷ್ಟ. 200 ಗ್ರಾಂ ಒಳಗಿದ್ರೆ ಹಳೇ ಗಾಡಿಗೆ ನಾನು ಒಪ್ಪಿಕೊಳ್ತೀನಿ. 300 ದಾಟಿದ್ರೆ ಕಾಳು ಹೇಗೆ ಹೋಗಿದೆ ನೋಡ್ರಿ, ತೆನೆಗೇ ಅಂಟಿಕೊಂಡು ಹೋಗಿದ್ರೆ ಹಲ್ಲು ಇಲ್ಲಾ ಕಾನ್ಕೇವ್ ಸವೆದಿದೆ, ಬಿಡಿ ಕಾಳು ಹುಲ್ಲಿನೊಳಗೇ ಇದ್ರೆ ಮುಚ್ಚಳದ ರೆಕ್ಕೆ ನೋಡ್ರಿ ಅಥವಾ ಡ್ರೈವರ್ ಜೋರಾಗಿ ಹೊಡೆದಿರ್ತಾನೆ, ಹೊಟ್ಟಿನ ಜೊತೆ ಜರಡಿ ಕಡೆಯಿಂದ ಹೋಗಿದ್ರೆ ಬ್ಲೋವರ್ ಗಾಳಿ ಜಾಸ್ತಿ, ಅದು ಗಾಡಿ ದೋಷ ಅಲ್ಲ, ಲಿವರ್ ಎಳೆದ್ರೆ ಸರಿ ಹೋಗುತ್ತೆ. ಹಲ್ಲು, ಕಾನ್ಕೇವ್, ರೆಕ್ಕೆ ಸವೆದಿದ್ರೆ ಮಾತ್ರ ರೇಟ್ ಇಳಿಸಿ ಕೇಳ್ರಿ.

ಟ್ಯಾಂಕಿಂದಲೂ ಒಂದು ಬೊಗಸೆ ತಗೊಂಡು ಅಂಗೈ ಮೇಲೆ ಹರಡಿ ನೋಡ್ರಿ, ಸುಲಿದ ಅಕ್ಕಿ, ತೆನೆ ತುಂಡು ಎಷ್ಟಿದೆ ಅಂತ. ಭತ್ತದಲ್ಲಿ ತೇವ 20 ಪರ್ಸೆಂಟ್ ಮೇಲಿದ್ದಾಗ ಕೊಯ್ದ್ರೆ ಒಡೆಯೋದು ಕಮ್ಮಿ, ಗದ್ದೆಯಲ್ಲೇ ತೀರಾ ಒಣಗಿಸಿ ಕೊಯ್ದು ನುಚ್ಚು ಜಾಸ್ತಿ ಅಂತ ರೋಟರ್‌ನ ಬೈಬೇಡಿ.

ನಿಮ್ಮ ಮೂರರಲ್ಲಿ ನನ್ನ ಲೆಕ್ಕ ಇಷ್ಟು. ಕುಬೋಟಾದ ಹಲ್ಲು, ರೆಕ್ಕೆ, ಜಾಲರಿ ಅರ್ಧ ಆಯುಷ್ಯ ಉಳಿಸಿಕೊಂಡಿದ್ರೆ ಅದೇ. ಅದು ಸವೆದು ಹೋಗಿದ್ದು, ಕ್ರಾಪ್ ಟೈಗರ್ ಮೊದಲ ಮಾಲೀಕನ ಹತ್ರಾನೇ ಇದ್ರೆ ಅದು. ಟೈರ್ ಗಾಡಿ ಒಳ್ಳೇ ಗಾಡಿನೇ, ಆದ್ರೆ ಅದು ಮೆಕ್ಕೆಜೋಳ ಗೋಧಿ ಇರೋ ಒಣ ಹೊಲದವರಿಗೆ, ನಿಮ್ಮ ಗದ್ದೆಯಲ್ಲಿ ಅದನ್ನ ಎಳೆಯೋಕೆ ಇನ್ನೊಂದು ಟ್ರ್ಯಾಕ್ಟರ್ ಇಟ್ಕೋಬೇಕಾಗುತ್ತೆ. ಆರ್‌ಸಿ, ಬ್ಯಾಂಕ್ ಸಾಲ ತೀರಿದ ಪತ್ರ ನಿಮ್ಮ ಭಾವನಿಗೆ ವಹಿಸಿ, ನೀವು ಟಾರ್ಚು, ಹಾರೆ, ಟೇಪು, ತಾಡಪಾಲು, ತಕ್ಕಡಿ ಹಿಡ್ಕೊಂಡು ಹೋಗ್ರಿ, ಬೆಳಗ್ಗೆ ಇಬ್ಬನಿ ಇನ್ನೂ ಪೂರ್ತಿ ಆರಿರದ ಹೊತ್ತಿಗೇ ಹೋಗ್ರಿ, ಗಾಡಿಯ ನಿಜ ಬಣ್ಣ ಹಸಿ ಹುಲ್ಲಲ್ಲೇ ಗೊತ್ತಾಗೋದು. ಮಧ್ಯಾಹ್ನ ಬನ್ನಿ ಅಂತ ಮಾಲೀಕ ಒತ್ತಾಯ ಮಾಡಿದ್ರೆ ಇನ್ನೂ ಒಂದು ಗಂಟೆ ಮುಂಚೆ ಹೋಗ್ರಿ.